ಬ್ಯಾಂಕಿನ ಕೌಂಟರಿನಲ್ಲಿ 'ಆಗುವುದಿಲ್ಲ' ಎಂಬ ಮಾತಿನ ಜೊತೆಗೆ ಕಾರಣವನ್ನೂ ಹೇಳಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಬೀದಿಯ ಹಿರಿಯ ಹೆಣ್ಣುಮಗಳೊಬ್ಬರು ಕಳೆದ ತಿಂಗಳು ನಮ್ಮ ಮನೆಗೆ ಬಂದು, ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟು, 'ಇದರಲ್ಲಿ ಇನ್ನು ಯಾವ ಕಾಗದ ಕಮ್ಮಿ ಇದೆ ಅಂತ ಸ್ವಲ್ಪ ನೋಡಿ ಹೇಳಿ ಅಣ್ಣ' ಎಂದರು. ಅವರ ಪತಿ ತೀರಿಕೊಂಡು ಐದು ತಿಂಗಳಾಗಿತ್ತು. ಪತಿಯ ಹೆಸರಿನಲ್ಲಿ ಪಟ್ಟಣದ ಬ್ಯಾಂಕೊಂದರಲ್ಲಿದ್ದ ಠೇವಣಿಯ ಹಣವನ್ನು ಪಡೆಯುವುದಕ್ಕಾಗಿ ಅವರು ಆ ಹೊತ್ತಿಗೆ ನಾಲ್ಕು ಸಲ ಶಾಖೆಗೆ ಹೋಗಿ ಬರಿಗೈಯಲ್ಲಿ ಮರಳಿದ್ದರು. ಕವರಿನಲ್ಲಿ ಪಾಸ್‌ಬುಕ್, ಎಫ್‌ಡಿ ರಸೀದಿ, ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಗಳ ಜೊತೆಗೆ ಮರಣ ಪ್ರಮಾಣಪತ್ರದ ನಾಲ್ಕು ಪ್ರತಿಗಳಿದ್ದವು. ನಾಲ್ಕಕ್ಕೂ ಬೇರೆ ಬೇರೆ ದಿನಾಂಕದ ಸೀಲು ಬಿದ್ದಿತ್ತು.

ನಾಲ್ಕು ಯಾಕೆ ಎಂದು ಕೇಳಿದಾಗ ಸಂಗತಿ ತಿಳಿಯಿತು. ಪ್ರತಿ ಸಲವೂ ಕೌಂಟರಿನಲ್ಲಿದ್ದವರು 'ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ' ಎಂದು ಹೇಳಿ ಕಳಿಸಿದ್ದರು. ಅವರ ಕಿವಿಗೆ ಬಿದ್ದದ್ದು 'ಸರ್ಟಿಫಿಕೇಟ್' ಎಂಬ ಒಂದೇ ಪದ. ತಂದಿದ್ದ ಸರ್ಟಿಫಿಕೇಟು ಹಳೆಯದಾಯಿತೋ ಏನೋ, ಹೊಸದು ಬೇಕಿರಬಹುದು ಎಂದುಕೊಂಡು ಪ್ರತಿ ಸಲವೂ ನಗರಸಭೆಗೆ ಹೋಗಿ, ಸರತಿಯಲ್ಲಿ ನಿಂತು, ದುಡ್ಡು ಕಟ್ಟಿ, ಮರಣ ಪ್ರಮಾಣಪತ್ರದ ಇನ್ನೊಂದು ಪ್ರತಿಯನ್ನು ಮಾಡಿಸಿಕೊಂಡು ಬಂದಿದ್ದರು. ಬ್ಯಾಂಕಿನವರು ಕೇಳುತ್ತಿದ್ದದ್ದು ನ್ಯಾಯಾಲಯ ಕೊಡುವ ಉತ್ತರಾಧಿಕಾರ ಪ್ರಮಾಣಪತ್ರವನ್ನು ಎಂದಾಗಲಿ, ಅದಕ್ಕೆ ವಕೀಲರನ್ನು ಹಿಡಿದು ಅರ್ಜಿ ಹಾಕಬೇಕಾಗುತ್ತದೆ ಎಂದಾಗಲಿ ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚು ನೋವು ತಂದ ಸಂಗತಿ ಎಫ್‌ಡಿ ರಸೀದಿಯಲ್ಲೇ ಇತ್ತು. ಅದರಲ್ಲಿ ನಾಮಿನಿಯ ಹೆಸರಿನ ಜಾಗದಲ್ಲಿ ಈ ಹೆಣ್ಣುಮಗಳ ಹೆಸರೇ ಅಚ್ಚಾಗಿತ್ತು. ನಾಮಿನಿ ಇರುವಲ್ಲಿ, ಮೊತ್ತ ಎಷ್ಟೇ ಇರಲಿ, ಉತ್ತರಾಧಿಕಾರ ಪ್ರಮಾಣಪತ್ರವನ್ನಾಗಲಿ, ಜಾಮೀನನ್ನಾಗಲಿ ಒತ್ತಾಯಿಸಬಾರದು ಎಂದು ರಿಸರ್ವ್ ಬ್ಯಾಂಕು 2005ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಕಾಗದಪತ್ರಗಳು ಸರಿಯಾಗಿ ಕೈಸೇರಿದ ದಿನದಿಂದ 15 ದಿನಗಳ ಒಳಗೆ ಹಣವನ್ನು ಕೊಡಬೇಕು ಎಂಬುದೂ ಅದೇ ಸೂಚನೆಯಲ್ಲಿದೆ.

ಮರುದಿನ ನಾನೂ ಅವರ ಜೊತೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಕೆಟ್ಟವನೇನೂ ಆಗಿರಲಿಲ್ಲ. ಎದುರಿಗೆ ಹದಿನೈದು ಇಪ್ಪತ್ತು ಜನ ನಿಂತಿದ್ದರು, ಪಕ್ಕದ ಕೌಂಟರು ಖಾಲಿಯಿತ್ತು, ಪಾಸ್‌ಬುಕ್ ಎಂಟ್ರಿ ಹಾಕುವ ಯಂತ್ರ ಕೆಟ್ಟಿದ್ದರಿಂದ ಅದರ ಜನವೂ ಅವನ ಮುಂದೆಯೇ ಸೇರಿದ್ದರು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅವನು ಅದೇ ಮಾತನ್ನು ಐದನೆಯ ಸಲ ಹೇಳಿದ. ನಾನು ರಸೀದಿಯನ್ನು ಮುಂದಿಟ್ಟು ನಾಮಿನಿಯ ಹೆಸರನ್ನು ತೋರಿಸಿದೆ. ಅವನು ತಲೆಯೆತ್ತಿ ನೋಡಿದ, ಎದ್ದು ಒಳಗೆ ಹೋಗಿ ಅಧಿಕಾರಿಯನ್ನು ಕೇಳಿಕೊಂಡು ಬಂದ, 'ಹೌದಮ್ಮಾ, ನಾಮಿನಿ ಇದ್ದರೆ ಅದು ಬೇಡವಂತೆ, ಕುಳಿತುಕೊಳ್ಳಿ' ಎಂದ. ಮುಂದಿನ ವಾರ ಹಣ ಅವರ ಖಾತೆಗೆ ಬಂದಿತು. ಐದು ತಿಂಗಳಲ್ಲಿ ಆಗದ ಕೆಲಸ ಹತ್ತು ನಿಮಿಷದ ಮಾತಿನಿಂದ ದಾರಿಗೆ ಬಂದಿತು. ಆದರೆ ಅವರ ಜೊತೆಗೆ ಹೋಗಲು ನನ್ನಂತಹ ನಿವೃತ್ತ ಬ್ಯಾಂಕ್ ನೌಕರನೊಬ್ಬ ಪಕ್ಕದ ಮನೆಯಲ್ಲಿ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಈ ಪತ್ರವನ್ನು ಬರೆಯುತ್ತಿರುವುದು ಅದಕ್ಕಾಗಿ.

ಗ್ರಾಹಕ ಸೇವೆ ಎಂದರೆ ನಗುಮುಖ, ನಮಸ್ಕಾರ, ಎಸಿ ಕೊಠಡಿ, ಮೆತ್ತನೆಯ ಕುರ್ಚಿ ಎಂಬ ತಿಳಿವಳಿಕೆ ಬ್ಯಾಂಕುಗಳ ಆಡಳಿತದಲ್ಲಿ ಬಲವಾಗಿ ಬೇರೂರಿದೆ. ಅವೆಲ್ಲ ಇದ್ದರೆ ಒಳ್ಳೆಯದೇ. ಆದರೆ 35 ವರ್ಷ ಬ್ಯಾಂಕಿನಲ್ಲಿ ದುಡಿದು, ಗುಮಾಸ್ತನಾಗಿ ಸೇರಿ ಶಾಖಾ ವ್ಯವಸ್ಥಾಪಕನಾಗಿ ನಿವೃತ್ತನಾದ ನನ್ನ ಅನುಭವದಲ್ಲಿ, ಗ್ರಾಹಕನಿಗೆ ಸಿಟ್ಟು ಬರುವುದು ಕೆಲಸ ಆಗದೆ ಇದ್ದಾಗ ಅಲ್ಲ. ಯಾಕೆ ಆಗಲಿಲ್ಲ ಎಂಬುದು ತಿಳಿಯದೆ ಹೋದಾಗ. 'ಆಗುವುದಿಲ್ಲ' ಎಂದು ಹೇಳಬೇಕಾದ ಪ್ರಸಂಗ ಬ್ಯಾಂಕಿನಲ್ಲಿ ದಿನಕ್ಕೆ ನೂರು ಸಲ ಬರುತ್ತದೆ. ಹಾಗೆ ಹೇಳುವಾಗ ಯಾಕೆ ಆಗುವುದಿಲ್ಲ, ಏನು ತಂದರೆ ಆಗುತ್ತದೆ, ಅದನ್ನು ಎಲ್ಲಿ ಪಡೆಯಬೇಕು, ಮತ್ತೆ ಯಾವಾಗ ಬಂದು ಯಾರನ್ನು ನೋಡಬೇಕು ಎಂಬಿಷ್ಟನ್ನು ಗ್ರಾಹಕನ ಭಾಷೆಯಲ್ಲಿ ಹೇಳುವುದು, ಸಾಧ್ಯವಿದ್ದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡುವುದು ಸೇವೆಯ ಮೊದಲ ಭಾಗ ಎಂದು ನಾನು ನಂಬಿದ್ದೇನೆ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಸೇವೆಗೆ ಸೇರಿದ ಹೊಸದರಲ್ಲಿ ಮಲೆನಾಡಿನ ಒಂದು ಶಾಖೆಯಲ್ಲಿದ್ದಾಗ, ಅಡಿಕೆ ತೋಟವಿದ್ದ ವೃದ್ಧರೊಬ್ಬರು ತಮ್ಮ ಉಳಿತಾಯ ಖಾತೆಯಿಂದ ಹಣ ತೆಗೆಯಲು ಬಂದರು. ಅವರು ಬರೆದುಕೊಟ್ಟ ವಿತ್‌ಡ್ರಾವಲ್ ಚೀಟಿಯ ಸಹಿ ನಮ್ಮಲ್ಲಿದ್ದ ಮಾದರಿ ಸಹಿಯ ಕಾರ್ಡಿಗೆ ಹೊಂದುತ್ತಿರಲಿಲ್ಲ. 'ಸಹಿ ಸರಿಯಿಲ್ಲ, ಇನ್ನೊಂದು ಚೀಟಿ ಬರೆಯಿರಿ' ಎಂದೆ. ಅವರು ಮತ್ತೆ ಬರೆದರು, ಅದೂ ಹೊಂದಲಿಲ್ಲ, ಮರುದಿನ ಬರಲು ಹೇಳಿದೆ. ಮೂರನೆಯ ದಿನ ಅವರು ತಂದ ಚೀಟಿಯನ್ನು ತಿರುಗಿಸಿ ನೋಡಿದಾಗ, ಅದರ ಹಿಂಬದಿಯ ತುಂಬಾ ಪೆನ್ಸಿಲಿನಲ್ಲಿ ತಮ್ಮದೇ ಸಹಿಯನ್ನು ಇಪ್ಪತ್ತು ಮೂವತ್ತು ಸಲ ತಿದ್ದಿದ್ದರು. ಶಾಲೆಯ ಹುಡುಗ ಅಕ್ಷರ ತಿದ್ದಿದ ಹಾಗೆ. ಪಾರ್ಶ್ವವಾಯುವಿನಿಂದ ಅವರ ಬಲಗೈ ನಡುಗುತ್ತಿತ್ತು. ನಾನು ಮೂರು ದಿನದಿಂದ ಚೀಟಿಯನ್ನು ನೋಡಿದ್ದೆ, ಕೈಯನ್ನು ನೋಡಿರಲಿಲ್ಲ.

ನಮ್ಮ ಹೆಡ್ ಕ್ಯಾಶಿಯರು ಅದನ್ನು ಗಮನಿಸಿ, ಅವರಿಗೊಂದು ಕುರ್ಚಿ ತಂದು ಹಾಕಿ, ಪಕ್ಕದಲ್ಲಿ ತಾವೂ ಕುಳಿತು, 'ಯಜಮಾನರೇ, ಕೈ ನಡುಗುವುದರಿಂದ ಸಹಿ ಬದಲಾಗಿದೆ, ಅದು ನಿಮ್ಮ ತಪ್ಪಲ್ಲ. ಇನ್ನು ಸಹಿ ಮಾಡುವ ಕಷ್ಟ ಬೇಡ. ಹೆಬ್ಬೆಟ್ಟು ಒತ್ತಿದರೆ ಸಾಕು, ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನವರಿರಬೇಕು, ಅದಕ್ಕೆ ನಾನಿದ್ದೇನೆ' ಎಂದು ವಿವರಿಸಿದರು. ಸಹಿ ಹಾಕಲಾಗದ ವೃದ್ಧರಿಗೆ ಮತ್ತು ರೋಗಿಗಳಿಗೆ ಆ ಅನುಕೂಲ ನಿಯಮದಲ್ಲಿಯೇ ಇತ್ತು, ನನಗೆ ಅದು ಗೊತ್ತೂ ಇತ್ತು. ಗೊತ್ತಿದ್ದದ್ದನ್ನು ಎದುರಿಗೆ ನಿಂತವರಿಗೆ ಹೇಳಬೇಕೆಂದು ತೋಚಿರಲಿಲ್ಲ, ಅಷ್ಟೇ. ಆ ಹಿರಿಯರು ಹಣ ಎಣಿಸಿಕೊಳ್ಳುವಾಗ ನನ್ನ ಮುಖವನ್ನು ನೋಡಲಿಲ್ಲ. ನಾನು ಕ್ಷಮೆ ಕೇಳಬೇಕಾಗಿತ್ತು, ಕೇಳಲಿಲ್ಲ. ಆ ಕೊರಗು ಇಂದಿಗೂ ಇದೆ.

ಬ್ಯಾಂಕಿನ ಕೆಲಸಕ್ಕೂ ಆಡುಮಾತಿಗೂ ಇರುವ ಸಂಬಂಧ ನಮ್ಮ ನಾಡಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಂತಹ ಸಣ್ಣ ಮೊತ್ತವನ್ನು ಏಜೆಂಟರು ಮನೆಬಾಗಿಲಿಗೇ ಹೋಗಿ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ಜನ ಅವರ ಕೈಗೆ ದುಡ್ಡು ಕೊಟ್ಟರೆಂದರೆ, ಆ ಏಜೆಂಟರು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ಮನೆಯವರ ಹಾಗೆ ಮಾತನಾಡಿ ಲೆಕ್ಕ ಹೇಳುತ್ತಿದ್ದುದು ಅದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನಗೊಂಡವು. ವಿಲೀನದ ಸರಿತಪ್ಪುಗಳ ಚರ್ಚೆ ಈ ಪತ್ರದ ವಿಷಯವಲ್ಲ. ಆದರೆ ಆ ದಿನಗಳಲ್ಲಿ ಚೆಕ್ ಪುಸ್ತಕ, ಐಎಫ್‌ಎಸ್‌ಸಿ ಸಂಕೇತ, ಪಾಸ್‌ಬುಕ್ ಎಲ್ಲವೂ ಬದಲಾಗುತ್ತಿದ್ದಾಗ, ಎಷ್ಟೋ ಗ್ರಾಹಕರಿಗೆ ಅದು ತಿಳಿದದ್ದು ಮೊಬೈಲಿಗೆ ಬಂದ ಎರಡು ಸಾಲಿನ ಇಂಗ್ಲಿಷ್ ಸಂದೇಶದಿಂದ. ಓದಲು ಬಾರದವರು ಅದನ್ನು ಅಳಿಸಿಹಾಕಿದರು. ಆಮೇಲೆ ಶಾಖೆಗೆ ಬಂದು 'ನಮ್ಮ ಬ್ಯಾಂಕು ಎಲ್ಲಿ ಹೋಯಿತು' ಎಂದು ಕೇಳಿದ ಹಿರಿಯರನ್ನು ನಾನೇ ಕಂಡಿದ್ದೇನೆ.

ಮೇಲೆ ಹೇಳಿದ ನಿಯಮಗಳು ಕಾಗದದ ಮೇಲೆ ಚೆನ್ನಾಗಿಯೇ ಇವೆ. ರಿಸರ್ವ್ ಬ್ಯಾಂಕು 2015ರ ಜುಲೈ 1ರಂದು ಗ್ರಾಹಕ ಸೇವೆಯ ಬಗ್ಗೆ ಹೊರಡಿಸಿದ ದೊಡ್ಡ ಸುತ್ತೋಲೆಯಲ್ಲಿ, ಫಲಕಗಳೂ ಅರ್ಜಿ ನಮೂನೆಗಳೂ ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲಿ ಇರಬೇಕೆಂದು, ಪಾಸ್‌ಬುಕ್‌ನಲ್ಲಿ ಯಾರಿಗೂ ಅರ್ಥವಾಗದ ಸಂಕ್ಷಿಪ್ತಾಕ್ಷರಗಳ ಬದಲು ಚಿಕ್ಕದಾದರೂ ತಿಳಿಯುವ ವಿವರ ಇರಬೇಕೆಂದು, ವಿಚಾರಣೆಗೆ ಒಂದು ಕೌಂಟರು ಇರಬೇಕೆಂದು, ಕೌಂಟರಿನಲ್ಲಿ ಚೆಕ್ಕು ಕೊಟ್ಟು ಸ್ವೀಕೃತಿ ಕೇಳಿದರೆ ನಿರಾಕರಿಸಬಾರದೆಂದು ಹೇಳಲಾಗಿತ್ತು. ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬ ನ್ಯಾಯಸಮ್ಮತ ವ್ಯವಹಾರ ಸಂಹಿತೆ 2003ರಿಂದಲೇ ಇದೆ. ಮೊದಲು ಅದು 2 ಲಕ್ಷ ರೂಪಾಯಿಯವರೆಗಿನ ಸಣ್ಣ ಸಾಲಗಾರರಿಗೆ ಇತ್ತು, ಆಮೇಲೆ ಎಲ್ಲ ಸಾಲಗಳಿಗೂ ವಿಸ್ತರಿಸಲಾಯಿತು. ಹಸು ಕೊಳ್ಳಲು ಸಾಲ ಕೇಳಿ ಸಿಗದೆ ಹೋದ ರೈತನೊಬ್ಬನಿಗೆ, ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳಿಗೆ ಅಂತಹ ಪತ್ರ ಬಂದದ್ದನ್ನು ನಿಮ್ಮ ಓದುಗರಲ್ಲಿ ಎಷ್ಟು ಮಂದಿ ನೋಡಿದ್ದಾರೆ ಎಂದು ನಾನು ತಿಳಿಯಬಯಸುತ್ತೇನೆ. ಸಾಮಾನ್ಯವಾಗಿ ಸಿಗುವುದು 'ನಿಮ್ಮದು ಆಗಲಿಲ್ಲ' ಎಂಬ ಬಾಯಿಮಾತು, ಬಹಳವಾದರೆ 'ಸಿಬಿಲ್ ಸರಿಯಿಲ್ಲ', ಅಂದರೆ ಹಿಂದಿನ ಸಾಲಗಳನ್ನು ತೀರಿಸಿದ ದಾಖಲೆ ಸರಿಯಿಲ್ಲ, ಎಂಬ ಎರಡು ಪದ. ಸಿಬಿಲ್ ಎಂದರೇನು, ಯಾವ ಹಳೆಯ ಸಾಲದ ಬಾಕಿಯಿಂದ ಅದು ಕೆಟ್ಟಿತು, ತಾನು ಜಾಮೀನು ನಿಂತ ಸಾಲದಿಂದಲೋ, ತೀರಿಸಿಯೂ ಲೆಕ್ಕ ಮುಚ್ಚಿಸದ ಸಾಲದಿಂದಲೋ ಎಂಬುದು ತಿಳಿಯದೆ ಆತ ಊರಿಗೆ ಮರಳಿ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ.

ನಿಯಮ ಇದ್ದೂ ಕೌಂಟರಿಗೆ ಅದು ತಲುಪದಿರುವುದು ಯಾಕೆ? ಗ್ರಾಹಕರೊಡನೆ ಮಾತು ಕೆಡುವುದಕ್ಕಿಂತ ಮೊದಲು ಕಚೇರಿಯ ಒಳಗಿನ ಮಾತು ಕೆಟ್ಟಿರುತ್ತದೆ ಎಂಬುದು ಇದಕ್ಕೆ ನನ್ನ ಉತ್ತರ. ಪ್ರಧಾನ ಕಚೇರಿಯಿಂದ ಹೊರಡುವ ಸುತ್ತೋಲೆ ಇಂಗ್ಲಿಷಿನಲ್ಲಿ, ವಕೀಲರು ಬರೆದ ಹಾಗೆ, ಉಪವಾಕ್ಯಗಳ ಮೇಲೆ ಉಪವಾಕ್ಯಗಳನ್ನು ಪೋಣಿಸಿಕೊಂಡು ಬರುತ್ತದೆ. ದಿನಕ್ಕೆ ಐದಾರು ಸುತ್ತೋಲೆಗಳು ಬಂದು ಕಂಪ್ಯೂಟರಿನಲ್ಲಿ ಕುಳಿತುಕೊಳ್ಳುತ್ತವೆ. 'ಓದಿದ್ದೇನೆ' ಎಂದು ಒತ್ತಿ ಮುಂದಕ್ಕೆ ಹೋಗುವುದನ್ನು ಬಿಟ್ಟರೆ ಕೌಂಟರಿನ ನೌಕರನಿಗೆ ಬೇರೆ ದಾರಿಯಿಲ್ಲ, ಯಾಕೆಂದರೆ ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ. ಹೀಗಾಗಿ ಅವನ ಬಳಿ ಉಳಿಯುವುದು ಹಿಂದಿನವರು ಹೇಳುತ್ತಿದ್ದ ಮಾತು. ಹಿಂದಿನವರು 'ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ' ಎನ್ನುತ್ತಿದ್ದರೆ ಇವನೂ ಅದನ್ನೇ ಹೇಳುತ್ತಾನೆ. ತಪ್ಪಿದರೆ ತನ್ನ ಮೇಲೆ ಬರುತ್ತದೆ ಎಂಬ ಭಯವೂ ಅದಕ್ಕೆ ಸೇರಿರುತ್ತದೆ. ಇನ್ನೊಂದು ಕಾಗದ ಕೇಳಿದ್ದಕ್ಕೆ ಯಾವ ನೌಕರನಿಗೂ ಮೆಮೊ ಬರುವುದಿಲ್ಲ. ಒಂದು ಕಾಗದ ಬಿಟ್ಟುಹೋದರೆ ಬರುತ್ತದೆ.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಬಾಗಿಲು ತೆರೆಯುವ ಕಾಲು ಗಂಟೆ ಮೊದಲು ವ್ಯವಸ್ಥಾಪಕರು ಎಲ್ಲರನ್ನೂ, ಅಟೆಂಡರನ್ನೂ ಸೇರಿಸಿ, ನಿಲ್ಲಿಸಿಕೊಂಡು ಹಿಂದಿನ ದಿನ ಬಂದ ಸುತ್ತೋಲೆಯಲ್ಲಿ ಗ್ರಾಹಕರಿಗೆ ಸಂಬಂಧಿಸಿದ ಒಂದು ವಿಷಯವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಹೇಳಿದ ಮೇಲೆ ಯಾರಾದರೊಬ್ಬರನ್ನು ಕರೆದು, 'ಈಗ ನಾನು ಗ್ರಾಹಕ, ನನಗೆ ಇದನ್ನು ತಿಳಿಸಿ' ಎನ್ನುತ್ತಿದ್ದರು. ಹೇಳಲು ಹೊರಟಾಗಲೇ ನಮಗೆ ಅದು ಅರ್ಥವಾಗಿಲ್ಲ ಎಂಬುದು ಗೊತ್ತಾಗುತ್ತಿತ್ತು. ಅಟೆಂಡರು ಕೂಡ ಅಲ್ಲಿ ಇರುತ್ತಿದ್ದುದು ಬಹಳ ಮುಖ್ಯ. ಹಳ್ಳಿಯಿಂದ ಬಂದವರು ಮೊದಲು ಕೇಳುವುದು ಬಾಗಿಲಲ್ಲಿ ನಿಂತವರನ್ನೇ. ಆ ಕಾಲು ಗಂಟೆಯ ಮಾತಿನಿಂದ ಕೌಂಟರಿನಲ್ಲಿ ದಿನವಿಡೀ ಎಷ್ಟು ಜಗಳ ತಪ್ಪುತ್ತಿತ್ತು ಎಂಬುದಕ್ಕೆ ಆ ಶಾಖೆಯಲ್ಲಿದ್ದ ನಾವೆಲ್ಲರೂ ಸಾಕ್ಷಿ. ಇಂದು ಬೆಳಗಿನ ಆ ಹೊತ್ತು ವಲಯ ಕಚೇರಿಯ ವಿಡಿಯೊ ಸಭೆಗೆ ಹೋಗುತ್ತದೆ, ಮತ್ತು ಸಭೆಯಲ್ಲಿ ಕೇಳುವುದು ನಿನ್ನೆ ಎಷ್ಟು ವಿಮೆ ಪಾಲಿಸಿ ಮಾರಿದಿರಿ ಎಂಬ ಪ್ರಶ್ನೆಯನ್ನು. ಹೀಗೆ ಸಂಜೆಯ ಲೆಕ್ಕದಲ್ಲಿ ಪಾಲಿಸಿಗಳ ಸಂಖ್ಯೆಯೊಂದೇ ಎಣಿಕೆಗೆ ಬರುತ್ತಿರುವಷ್ಟು ಕಾಲ, ವಿಧವೆಯೊಬ್ಬರಿಗೆ ಹತ್ತು ನಿಮಿಷ ಕೂತು ವಿವರಿಸಿದ ನೌಕರ ಸಮಯ ಹಾಳುಮಾಡಿದವನಾಗಿಯೇ ಕಾಣುತ್ತಾನೆ. ಎರಡು ದಿನದ ತರಬೇತಿಯಿಂದ ಇದು ಸರಿಹೋಗುವುದಿಲ್ಲ.

ಭಾಷೆಯ ವಿಷಯವನ್ನು ಬಿಟ್ಟು ಈ ಮಾತನ್ನು ಮುಂದುವರಿಸಲಾಗದು. ಇದನ್ನು ನಾನು ಯಾರ ಮೇಲಿನ ಕೋಪದಿಂದಲೂ ಬರೆಯುತ್ತಿಲ್ಲ. ಗುಮಾಸ್ತರ ನೇಮಕಾತಿಗೆ ಸ್ಥಳೀಯ ಭಾಷೆ ತಿಳಿದಿರಬೇಕೆಂಬ ನಿಯಮವಿದೆ. ಅಧಿಕಾರಿಗಳು ದೇಶಮಟ್ಟದ ಪರೀಕ್ಷೆಯ ಮೂಲಕ ಬರುತ್ತಾರೆ, ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಇಪ್ಪತ್ತೈದು ವರ್ಷದ, ಬಿಹಾರದಿಂದಲೋ ರಾಜಸ್ಥಾನದಿಂದಲೋ ಬಂದ ಹುಡುಗಿಯೊಬ್ಬಳನ್ನು ಒಂದು ದಿನದ ಭಾಷಾ ಪರಿಚಯವೂ ಇಲ್ಲದೆ ಹೋಬಳಿ ಕೇಂದ್ರದ ಶಾಖೆಗೆ ಕಳಿಸಿದರೆ, ಕನ್ನಡ ಬಾರದ ಅವಳಿಗೂ ಕಷ್ಟ, ಹಿಂದಿ ಬಾರದ ಗ್ರಾಹಕರಿಗೂ ಕಷ್ಟ. ತಪ್ಪು ಕಳಿಸಿದವರದು. ಕೌಂಟರಿನಲ್ಲಿ ಬೇಕಾಗುವ ಕನ್ನಡ ಬಹಳವೇನಲ್ಲ. 'ಎಷ್ಟು ಹಣ ಬೇಕು', 'ಇಲ್ಲಿ ಸಹಿ ಮಾಡಿ', 'ಆಧಾರ್ ತಂದಿದ್ದೀರಾ', 'ಕುಳಿತುಕೊಳ್ಳಿ, ಹೇಳುತ್ತೇನೆ', 'ನಾಮಿನಿ ಯಾರು', 'ಯಾವಾಗ ತೀರಿಕೊಂಡರು' ಎಂಬಂತಹ ನೂರು ನೂರೈವತ್ತು ವಾಕ್ಯಗಳನ್ನು ಮೂರು ತಿಂಗಳಲ್ಲಿ ಯಾರು ಬೇಕಾದರೂ ಕಲಿಯಬಹುದು. ನನ್ನ ಕೈಕೆಳಗೆ ಕೆಲಸ ಮಾಡಿದ ಒಡಿಶಾದ ಅಧಿಕಾರಿಯೊಬ್ಬರು ದಿನಕ್ಕೆ ಐದು ವಾಕ್ಯಗಳನ್ನು ಕೈಪುಸ್ತಕದಲ್ಲಿ ಬರೆದುಕೊಂಡು ಅದನ್ನೇ ಮಾಡಿದರು. ವರ್ಗವಾಗಿ ಹೋಗುವ ದಿನ ಸಂತೆಗೆ ಬಂದಿದ್ದ ಹೆಂಗಸರು ಅವರ ಮೇಜಿನ ಮೇಲೆ ಬಾಳೆಗೊನೆ, ಸೌತೆಕಾಯಿ ತಂದಿಟ್ಟು ಹೋದರು. ಬ್ಯಾಂಕುಗಳು ಇದನ್ನು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡದೆ, ಶಾಖೆಗೆ ಕಳಿಸುವ ಮೊದಲೇ ತರಬೇತಿಯ ಭಾಗವನ್ನಾಗಿ ಮಾಡಬೇಕು ಮತ್ತು ಕಲಿತವರಿಗೆ ಬಡ್ತಿಯ ಲೆಕ್ಕದಲ್ಲಿ ಅದನ್ನು ಗಣಿಸಬೇಕು.

ಅಚ್ಚಾದ ಕನ್ನಡದ ಬಗ್ಗೆಯೂ ಎರಡು ಮಾತು ಹೇಳಬೇಕು. ತ್ರಿಭಾಷಾ ನಮೂನೆಗಳಲ್ಲಿ ಕನ್ನಡ ಇದ್ದರೂ ಅದನ್ನು ಓದಿದ ಕನ್ನಡಿಗ ಇಂಗ್ಲಿಷಿನ ಭಾಗವನ್ನೇ ಹುಡುಕುವಂತಾಗಿದೆ. ಜನ 'ನಾಮಿನಿ' ಎನ್ನುತ್ತಾರೆ, ನಮೂನೆ 'ನಾಮನಿರ್ದೇಶಿತ ವ್ಯಕ್ತಿ' ಎನ್ನುತ್ತದೆ. ಜನ 'ಹಣ ಕಟ್ಟುವುದು, ತೆಗೆಯುವುದು' ಎನ್ನುತ್ತಾರೆ, ನಮೂನೆ 'ಜಮಾವಣೆ, ಆಹರಣ' ಎನ್ನುತ್ತದೆ. ಯಾವುದೋ ಊರಿನಲ್ಲಿ ಕುಳಿತು ಪದಕ್ಕೆ ಪದ ಇಟ್ಟು ಮಾಡಿದ ಅನುವಾದವನ್ನು ಅಚ್ಚಿಗೆ ಕಳಿಸುವ ಮೊದಲು, ಒಂದು ಶಾಖೆಯಲ್ಲಿ ಹತ್ತು ಜನ ಗ್ರಾಹಕರಿಗೆ ಕೊಟ್ಟು ತುಂಬಿಸಿ ನೋಡಿದರೆ ಸಾಕು, ಎಲ್ಲಿ ಎಡವುತ್ತಾರೆ ಎಂಬುದು ತಿಳಿಯುತ್ತದೆ.

ಮೊಬೈಲ್ ಸಂದೇಶಗಳ ವಿಷಯ ಇದಕ್ಕಿಂತ ಗಂಭೀರ. ಕೆವೈಸಿ ವಿವರಗಳನ್ನು, ಅಂದರೆ ಗ್ರಾಹಕರ ಗುರುತು ಮತ್ತು ವಿಳಾಸದ ವಿವರಗಳನ್ನು, ಖಾತೆ ದುರುಪಯೋಗವಾಗುವ ಅಪಾಯ ಎಷ್ಟೆಂದು ಬ್ಯಾಂಕು ಗುರುತಿಸಿದ ವರ್ಗಕ್ಕೆ ಅನುಗುಣವಾಗಿ 2, 8 ಅಥವಾ 10 ವರ್ಷಗಳಿಗೊಮ್ಮೆ ಹೊಸದಾಗಿ ದೃಢಪಡಿಸಬೇಕು. ಸಾಮಾನ್ಯ ಉಳಿತಾಯ ಖಾತೆಯ ಬಹುಪಾಲು ಗ್ರಾಹಕರು 10 ವರ್ಷದ ವರ್ಗಕ್ಕೆ ಸೇರಿದವರು. ಹೆಸರು, ವಿಳಾಸ ಏನೂ ಬದಲಾಗದಿದ್ದರೆ ಒಂದು ಸ್ವಯಂ ಘೋಷಣೆ ಸಾಕಾಗುತ್ತದೆ. ಇಷ್ಟು ಸರಳವಾದ ವಿಷಯವನ್ನು ಎಷ್ಟೋ ಬ್ಯಾಂಕುಗಳು 'ಕೂಡಲೇ ಕೆವೈಸಿ ಮಾಡಿಸದಿದ್ದರೆ ನಿಮ್ಮ ಖಾತೆಯನ್ನು ಸ್ಥಗಿತಗೊಳಿಸಲಾಗುವುದು' ಎಂಬ ಧಾಟಿಯಲ್ಲಿ, ಒಂದು ಲಿಂಕನ್ನೂ ಅಂಟಿಸಿ, ಇಂಗ್ಲಿಷಿನಲ್ಲಿ ಕಳಿಸುತ್ತವೆ. ವಂಚಕರು ಕಳಿಸುವುದೂ ಅಕ್ಷರಶಃ ಇದೇ ಸಂದೇಶವನ್ನು: ಅದೇ ಅವಸರ, ಅದೇ ಬೆದರಿಕೆ, ಅದೇ ಲಿಂಕು. ಬ್ಯಾಂಕಿನ ಮಾತಿಗೂ ಕಳ್ಳನ ಮಾತಿಗೂ ವ್ಯತ್ಯಾಸ ಕಾಣದಂತೆ ಬರೆದು, ಆಮೇಲೆ 'ಜಾಗರೂಕರಾಗಿರಿ' ಎಂದು ಫಲಕ ಹಾಕಿದರೆ ಹಿರಿಯ ನಾಗರಿಕರು ಯಾವುದನ್ನು ನಂಬಬೇಕು? ಸಂದೇಶ ಕನ್ನಡದಲ್ಲಿರಲಿ, ಲಿಂಕು ಇರದಿರಲಿ, 'ಇಂತಹ ತಾರೀಖಿನೊಳಗೆ ನಿಮ್ಮ ಶಾಖೆಗೆ ಬಂದು ಹೇಳಿ, ಯಾರಿಗೂ ಫೋನಿನಲ್ಲಿ ಓಟಿಪಿ ಕೊಡಬೇಡಿ' ಎಂದಷ್ಟೇ ಇರಲಿ. ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಪ್ರತಿ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಬಹುದು. ಅದಕ್ಕೆ ತಗಲುವ ಖರ್ಚು ಶಾಯಿಯದು ಮಾತ್ರ.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ನಮ್ಮ ರಾಜ್ಯದ ಸಕಾಲ ವ್ಯವಸ್ಥೆಯನ್ನು ಓದುಗರು ಬಲ್ಲರು. 2011ರ ಕಾಯ್ದೆಯ ಮೇಲೆ 2012ರಿಂದ ನಡೆಯುತ್ತಿರುವ ಈ ವ್ಯವಸ್ಥೆಯಲ್ಲಿ, ಅರ್ಜಿ ಕೊಟ್ಟ ಕೂಡಲೇ ಒಂದು ಸಂಖ್ಯೆ ಸಿಗುತ್ತದೆ, ಯಾವ ದಿನದೊಳಗೆ ಕೆಲಸ ಆಗಬೇಕೆಂಬುದು ನಿಗದಿಯಾಗಿರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಅದು ಎಲ್ಲ ಕಚೇರಿಗಳಲ್ಲೂ ಲೋಪವಿಲ್ಲದೆ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೈಯಲ್ಲೊಂದು ಚೀಟಿ ಇದ್ದವನು ಮೇಜಿನ ಮುಂದೆ ನಿಲ್ಲುವ ರೀತಿಯೇ ಬೇರೆ. ಅವನು ಬೇಡುವುದಿಲ್ಲ, ಕೇಳುತ್ತಾನೆ. ಬ್ಯಾಂಕಿನ ಕೌಂಟರಿನಿಂದ ಕೆಲಸವಾಗದೆ ಮರಳುವ ಪ್ರತಿಯೊಬ್ಬ ಗ್ರಾಹಕನ ಕೈಯಲ್ಲೂ ಅರ್ಧ ಹಾಳೆಯ ಅಂತಹ ಒಂದು ಚೀಟಿ ಇರಬೇಕು. ನಮ್ಮ ಬೀದಿಯ ಆ ಹೆಣ್ಣುಮಗಳಿಗೆ ಮೊದಲ ದಿನವೇ ಸಿಗಬೇಕಾಗಿದ್ದ ಚೀಟಿಯನ್ನು ನಾನು ಹೀಗೆ ಬರೆದು ನೋಡಿದ್ದೇನೆ:

'ನೀವು ಕೇಳಿದ್ದು: ನಿಮ್ಮ ಪತಿಯ ಹೆಸರಿನಲ್ಲಿರುವ ಎಫ್‌ಡಿ ಹಣ. ಈ ಎಫ್‌ಡಿಗೆ ನಿಮ್ಮನ್ನೇ ನಾಮಿನಿ ಮಾಡಿದ್ದಾರೆ, ಆದ್ದರಿಂದ ಕೋರ್ಟಿನ ಕಾಗದ ಬೇಡ. ತರಬೇಕಾದದ್ದು: ಮರಣ ಪ್ರಮಾಣಪತ್ರ, ಎಫ್‌ಡಿ ರಸೀದಿ, ನಿಮ್ಮ ಆಧಾರ್, ನಿಮ್ಮ ಪಾಸ್‌ಬುಕ್. ಅರ್ಜಿಯನ್ನು ಇಲ್ಲಿಯೇ ಕೊಡುತ್ತೇವೆ, ತುಂಬಲು ಸಹಾಯ ಮಾಡುತ್ತೇವೆ. ಎಲ್ಲ ಕೊಟ್ಟ ದಿನದಿಂದ 15 ದಿನದೊಳಗೆ ಹಣ ನಿಮ್ಮ ಖಾತೆಗೆ ಬರುತ್ತದೆ. ಬಾರದಿದ್ದರೆ ಎರಡನೆಯ ಮೇಜಿನ ಅಧಿಕಾರಿಯನ್ನು ಕೇಳಿ.' ಕೆಳಗೆ ತಾರೀಖು, ಬರೆದುಕೊಟ್ಟವರ ಹೆಸರು ಮತ್ತು ಸಹಿ.

ಇದನ್ನು ಬರೆಯಲು ನನಗೆ ಮೂರು ನಿಮಿಷ ಹಿಡಿಯಿತು. ಪದೇ ಪದೇ ಬರುವ ಹತ್ತು ಹನ್ನೆರಡು ಕೆಲಸಗಳಿಗೆ ಮೊದಲೇ ಅಚ್ಚು ಹಾಕಿಸಿಟ್ಟರೆ ಖಾಲಿ ಜಾಗ ತುಂಬಿ ಕೊಡಲು ಅರ್ಧ ನಿಮಿಷ ಸಾಕು. ಓದಲು ಬಾರದವರು ಮನೆಗೆ ಹೋಗಿ ಮೊಮ್ಮಕ್ಕಳಿಂದ ಓದಿಸಿಕೊಳ್ಳುತ್ತಾರೆ. ಇನ್ನೊಂದು ಪ್ರಯೋಜನವೂ ಇದೆ. ಸಹಿ ಹಾಕಿ ಬರೆದುಕೊಡಬೇಕಾದಾಗ ನೌಕರನೂ ನಿಯಮವನ್ನು ಒಮ್ಮೆ ತೆಗೆದು ನೋಡುತ್ತಾನೆ. ಬಾಯಲ್ಲಿ ಸುಲಭವಾಗಿ ಹೊರಡುವ 'ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ' ಎಂಬ ಮಾತು ಕಾಗದದ ಮೇಲೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಕೌಂಟರಿನಲ್ಲಿ ಕುಳಿತವರ ಪರವಾಗಿಯೂ ನಾನು ಬರೆಯಬೇಕು, ಏಕೆಂದರೆ ನಾನು ಅಲ್ಲಿಯೇ ಕುಳಿತಿದ್ದವನು. ಮೂವರು ಮಾಡಬೇಕಾದ ಕೆಲಸವನ್ನು ಒಬ್ಬರು ಮಾಡುತ್ತಿರುವ ಶಾಖೆಗಳು ಬಹಳಷ್ಟಿವೆ. ಪಿಂಚಣಿ ಬರುವ ದಿನ, ಗೃಹಲಕ್ಷ್ಮಿ ಹಣ ಬಿದ್ದ ದಿನ, ಬೆಳೆ ಸಾಲ ನವೀಕರಿಸುವ ದಿನಗಳಲ್ಲಿ ಶೌಚಾಲಯಕ್ಕೆ ಏಳಲೂ ಬಿಡುವಿರುವುದಿಲ್ಲ. ಸರ್ವರ್ ನಿಂತರೆ ಬೈಗುಳ ತಿನ್ನುವುದು ಸರ್ವರನ್ನು ಕಂಡೇ ಇರದ ಗುಮಾಸ್ತೆ. ಕನ್ನಡದ ಹೆಸರಿನಲ್ಲಿಯೇ ಆಗಲಿ, ನ್ಯಾಯದ ಹೆಸರಿನಲ್ಲಿಯೇ ಆಗಲಿ, ಮೊಬೈಲ್ ಕ್ಯಾಮೆರಾ ಹಿಡಿದು ಅವರ ಮುಖಕ್ಕೆ ಕೂಗಾಡುವುದು ಸರಿಯಲ್ಲ. ದೂರು ಕೊಡಲು ದಾರಿಯಿದೆ. ಮೊದಲು ಶಾಖೆಯಲ್ಲಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, 2021ರ ನವೆಂಬರಿನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ವ್ಯವಸ್ಥೆಗೆ ಯಾವ ಶುಲ್ಕವೂ ಇಲ್ಲದೆ ದೂರು ಸಲ್ಲಿಸಬಹುದು. ವಿವರಕ್ಕೆ 14448 ಎಂಬ ಸಂಖ್ಯೆಗೆ ಕರೆ ಮಾಡಬಹುದು. ದೂರಿನಲ್ಲಿ ಸಿಟ್ಟಿನ ಮಾತಿಗಿಂತ ತಾರೀಖು, ಖಾತೆಯ ವಿವರ, ಯಾರು ಏನು ಹೇಳಿದರು ಎಂಬುದನ್ನು ಕ್ರಮವಾಗಿ ಬರೆದರೆ ಕೆಲಸವಾಗುತ್ತದೆ. ನಮ್ಮ ಕಡೆಯವರೂ ಬಾಯಿಮಾತನ್ನು ಬಿಟ್ಟು ಬರೆಯುವುದನ್ನು ರೂಢಿಸಿಕೊಳ್ಳಬೇಕು.

ಇದಕ್ಕೆಲ್ಲ ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಪ್ರತಿ ಶಾಖೆಯಲ್ಲೂ ತಿಂಗಳಿಗೊಮ್ಮೆ ಗ್ರಾಹಕ ಸೇವಾ ಸಮಿತಿಯ ಸಭೆ ನಡೆಯಬೇಕು, ಅದರಲ್ಲಿ ಗ್ರಾಹಕರೂ, ಸಾಧ್ಯವಾದರೆ ಹಿರಿಯ ನಾಗರಿಕರೊಬ್ಬರೂ ಇರಬೇಕು ಎಂದು ರಿಸರ್ವ್ ಬ್ಯಾಂಕು ಹಿಂದೆಯೇ ಸೂಚಿಸಿತ್ತು. ಬಹಳಷ್ಟು ಕಡೆ ಈ ಸಭೆ ರಿಜಿಸ್ಟರಿನಲ್ಲಿ ಮಾತ್ರ ನಡೆಯುತ್ತದೆ. ಅದು ನಿಜವಾಗಿ ನಡೆಯಲಿ, ಆ ತಿಂಗಳು ಕೆಲಸವಾಗದೆ ಮರಳಿದವರ ಚೀಟಿಗಳ ಪ್ರತಿಗಳನ್ನು ಆ ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನಾಗಿ ಓದಲಿ ಎಂಬುದು ನನ್ನ ಕೋರಿಕೆ. ನಮ್ಮ ಪಟ್ಟಣದಲ್ಲಿ ಬೇರೆ ಬೇರೆ ಬ್ಯಾಂಕುಗಳಿಂದ ನಿವೃತ್ತರಾದ ನಾವು ಮೂವರು ಈ ಕುರಿತು ಮಾತನಾಡಿಕೊಂಡಿದ್ದೇವೆ. ಸ್ಥಳೀಯ ಶಾಖೆಗಳು ಒಪ್ಪಿದರೆ, ಪ್ರತಿ ಗುರುವಾರ ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು, ಅರ್ಜಿ ತುಂಬಿಕೊಡಲು ಮತ್ತು ಈ ಚೀಟಿಗಳನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಎರಡು ಶಾಖೆಗಳ ವ್ಯವಸ್ಥಾಪಕರಿಗೆ ಈ ವಿಷಯವಾಗಿ ಪತ್ರ ಕೊಟ್ಟು ಸ್ವೀಕೃತಿಯನ್ನೂ ಪಡೆದಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಶಿವಮೊಗ್ಗ ಜಿಲ್ಲೆ